ಡಿಎನ್‌ಎ ಸುತ್ತ ಉಪ್ಪಿನ ಅಯಾನುಗಳು: ಮಾಡೆಲ್ ಕಟ್ಟುವುದು ಹೇಗೆ, ಎಣಿಸುವುದು ಹೇಗೆ

ಡಿಎನ್‌ಎಯನ್ನು ಸದ್ಯಕ್ಕೆ ಜೀನುಗಳ ಸುರುಳಿ ಅಂತ ನೋಡಬೇಡಿ. ಋಣ ಚಾರ್ಜ್ ತುಂಬಿದ ಒಂದು ಉದ್ದನೆಯ ಕೋಲು ಅಂತ ನೋಡಿ. ಎರಡು ಎಳೆ, ಪ್ರತಿ ಬೇಸ್ ಜೋಡಿಗೆ ಎರಡು ಫಾಸ್ಫೇಟ್, ಪ್ರತಿ ಫಾಸ್ಫೇಟ್ ಮೇಲೆ ಒಂದು ಋಣ ಚಾರ್ಜ್. ಬೇಸ್ ಜೋಡಿಗಳ ನಡುವಿನ ಅಂತರ 0.34 ನ್ಯಾನೋಮೀಟರ್. ಅಂದರೆ ಕೋಲಿನ ಉದ್ದಕ್ಕೂ ಪ್ರತಿ 0.17 ನ್ಯಾನೋಮೀಟರಿಗೆ ಒಂದು ಚಾರ್ಜ್. ಇದು ತುಂಬಾ ಜಾಸ್ತಿ. ಹಾಗಾಗಿ ನೀರಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಅಯಾನುಗಳು ಇದರ ಸುತ್ತ ಮೋಡದ ಹಾಗೆ ಮುತ್ತಿಕೊಳ್ಳುತ್ತವೆ. ಎರಡು ಎಳೆ ಯಾವ ತಾಪಮಾನದಲ್ಲಿ ಬಿಡಿಸಿಕೊಳ್ಳುತ್ತವೆ, ಪ್ರೋಟೀನ್ ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಕೋಲು ಎಷ್ಟು ಸುಲಭವಾಗಿ ಬಾಗುತ್ತದೆ, ಎಲ್ಲವೂ ಈ ಮೋಡದ ಮೇಲೆ ನಿಂತಿದೆ. ಸೋಡಿಯಂ ಅನ್ನು 10 ಪಟ್ಟು ಹೆಚ್ಚಿಸಿದರೆ ಉದ್ದನೆಯ ಡಿಎನ್‌ಎಯ ಎಳೆಗಳು ಬಿಡಿಸಿಕೊಳ್ಳುವ ತಾಪಮಾನ ಸುಮಾರು 16 ಡಿಗ್ರಿ ಮೇಲೆ ಹೋಗುತ್ತದೆ. ಸಣ್ಣ ವಿಷಯ ಅಲ್ಲ.

ಈ ಮೋಡವನ್ನು ಲೆಕ್ಕ ಹಾಕಬೇಕು ಅಂತ ಹೊರಟವರಲ್ಲಿ ಬಹಳ ಜನ ನೇರವಾಗಿ ಎಲ್ಲ ಪರಮಾಣುಗಳೂ ಇರುವ ದೊಡ್ಡ ಸಿಮ್ಯುಲೇಶನ್‌ಗೆ ಕೈ ಹಾಕುತ್ತಾರೆ. ನನ್ನ ಸಲಹೆ, ಹಾಗೆ ಮಾಡಬೇಡಿ. ಮೊದಲು ಕೋಲನ್ನು ಸಿಲಿಂಡರ್ ಅಂದುಕೊಂಡು, ಒಂದೇ ಆಯಾಮದಲ್ಲಿ ಸಮೀಕರಣ ಬಿಡಿಸಿ, ಅಯಾನುಗಳನ್ನು ಸರಿಯಾಗಿ ಎಣಿಸುವುದು ಕಲಿಯಿರಿ. ಒಂದು ಮಧ್ಯಾಹ್ನದ ಕೆಲಸ. ಅದು ಕೈಯಲ್ಲಿದ್ದರೆ ಮುಂದೆ ದೊಡ್ಡ ಸಿಮ್ಯುಲೇಶನ್ ಕೊಡುವ ಅಂಕಿ ನಂಬಬಹುದಾ ಅಂತ ನಿಮಗೇ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ಬಂದ ಅಂಕಿಯನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲು ಮೂರು ಉದ್ದಗಳು

ಪ್ರೋಗ್ರಾಂ ಬರೆಯುವ ಮುಂಚೆ ಮೂರು ಉದ್ದಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಒಂದು, ಬ್ಯೆರುಮ್ ಉದ್ದ. ಎರಡು ಒಂಟಿ ಚಾರ್ಜುಗಳು ಎಷ್ಟು ಹತ್ತಿರ ಬಂದರೆ ಅವುಗಳ ನಡುವಿನ ವಿದ್ಯುತ್ ಶಕ್ತಿ ಉಷ್ಣಶಕ್ತಿಗೆ ಸಮ ಆಗುತ್ತದೆ ಅನ್ನುವ ದೂರ ಇದು. 25 ಡಿಗ್ರಿ ನೀರಿನಲ್ಲಿ ಇದು ಸುಮಾರು 0.715 ನ್ಯಾನೋಮೀಟರ್. ಬಿಸಿ ಮಾಡಿದರೆ ಕಡಿಮೆ ಆಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜುಗಳ ನಡುವಿನ ಬಲವನ್ನು ನೀರು ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನುವ ಸಂಖ್ಯೆ) ಅದಕ್ಕಿಂತ ಬೇಗ ಇಳಿಯುವುದರಿಂದ ಈ ಉದ್ದ ಸ್ವಲ್ಪ ಹೆಚ್ಚೇ ಆಗುತ್ತದೆ. ತಾಪಮಾನ ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ.

ಎರಡು, ಡಿಬೈ ಉದ್ದ. ಉಪ್ಪಿನ ನೀರಿನಲ್ಲಿ ಒಂದು ಚಾರ್ಜಿನ ಪ್ರಭಾವ ಎಷ್ಟು ದೂರದವರೆಗೆ ತಲುಪುತ್ತದೆ ಅಂತ ಇದು ಹೇಳುತ್ತದೆ. ಸಾದಾ ಉಪ್ಪಿಗೆ ಸೂತ್ರ ಸುಲಭ: 0.304 ಅನ್ನು ಮೋಲಾರ್ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿ, ಉತ್ತರ ನ್ಯಾನೋಮೀಟರಿನಲ್ಲಿ ಬರುತ್ತದೆ. 100 ಮಿಲಿಮೋಲಾರ್‌ನಲ್ಲಿ 0.96, 10ರಲ್ಲಿ 3.0, 1ರಲ್ಲಿ 9.6.

ಮೂರನೆಯದು ಚಾರ್ಜುಗಳ ನಡುವಿನ ಅಂತರ, ಅದೇ 0.17. ಬ್ಯೆರುಮ್ ಉದ್ದವನ್ನು ಇದರಿಂದ ಭಾಗಿಸಿದರೆ 4.2 ಬರುತ್ತದೆ. ಇದಕ್ಕೆ ಮ್ಯಾನಿಂಗ್ ಸಂಖ್ಯೆ ಅನ್ನುತ್ತಾರೆ. ಇಡೀ ವಿಷಯದ ಗುಟ್ಟು ಇದರಲ್ಲೇ ಇದೆ. ಕೋಲು ಎಳೆಯುವ ಶಕ್ತಿ ದೂರದ ಲಾಗ್ ಪ್ರಕಾರ ಬದಲಾಗುತ್ತದೆ, ಅಯಾನಿಗೆ ಹೊರಗೆ ಓಡಾಡಲು ಸಿಗುವ ಜಾಗದಿಂದ ಬರುವ ಎಂಟ್ರೊಪಿಯೂ ಲಾಗ್ ಪ್ರಕಾರವೇ ಬದಲಾಗುತ್ತದೆ. ಎರಡೂ ಒಂದೇ ತರಹ ಬೆಳೆಯುವುದರಿಂದ ಯಾವುದು ಗೆಲ್ಲುತ್ತದೆ ಅಂತ ತೀರ್ಮಾನ ಮಾಡುವುದು ಈ ಒಂದು ಸಂಖ್ಯೆ. 1ಕ್ಕಿಂತ ಕಡಿಮೆ ಇದ್ದರೆ ಅಯಾನುಗಳು ಬಿಟ್ಟು ಹೋಗುತ್ತವೆ. 1ಕ್ಕಿಂತ ಹೆಚ್ಚಿದ್ದರೆ ಒಂದು ಪಾಲು ಅಯಾನುಗಳು, ನೀವು ನೀರನ್ನು ಎಷ್ಟೇ ತೆಳು ಮಾಡಿ, ಕೋಲಿನ ಹತ್ತಿರವೇ ಉಳಿಯುತ್ತವೆ. 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ಇದನ್ನು ಸ್ಪಷ್ಟವಾಗಿ ಬರೆದು ತೋರಿಸಿದರು. ಉಳಿಯುವ ಪಾಲು ಎಷ್ಟು? ಒಂದರಿಂದ 4.2ರ ವಿಲೋಮ ಕಳೆಯಿರಿ: 0.76. ಅಂದರೆ ಸೋಡಿಯಂ ಇದ್ದಾಗ ಡಿಎನ್‌ಎಯ 76 ಶೇಕಡಾ ಚಾರ್ಜ್ ಮುಚ್ಚಿಹೋಗುತ್ತದೆ. ಬರೀ ಮೆಗ್ನೀಸಿಯಂ ಇದ್ದರೆ 88 ಶೇಕಡಾ.

ಈ 76ನ್ನು ಕಂಡ ತಕ್ಷಣ ಅದೇ ಉತ್ತರ ಅಂದುಕೊಳ್ಳಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಸಮೀಕರಣ ಕಟ್ಟುವುದು

ಇಲ್ಲಿ ಬೇಕಾಗಿರುವುದು ಪಾಯ್ಸನ್-ಬೋಲ್ಟ್ಸ್‌ಮನ್ ಸಮೀಕರಣ. ಗೂಯಿ 1910ರಲ್ಲಿ, ಚಾಪ್‌ಮನ್ 1913ರಲ್ಲಿ ಚಪ್ಪಟೆ ಮೇಲ್ಮೈಗೆ ಬಳಸಿದ ಯೋಚನೆಯೇ ಇದು. ಒಳಗಿರುವುದು ಎರಡೇ ಮಾತು. ಚಾರ್ಜ್ ಎಲ್ಲಿದೆ ಅಂತ ಗೊತ್ತಿದ್ದರೆ ಪೊಟೆನ್ಶಿಯಲ್ ಸಿಗುತ್ತದೆ. ಪೊಟೆನ್ಶಿಯಲ್ ಗೊತ್ತಿದ್ದರೆ ಅಯಾನುಗಳು ಎಲ್ಲಿವೆ ಅಂತ ಬೋಲ್ಟ್ಸ್‌ಮನ್ ನಿಯಮ ಹೇಳುತ್ತದೆ. ಎರಡೂ ಒಂದಕ್ಕೊಂದು ಹೊಂದುವ ತನಕ ಬಿಡಿಸಬೇಕು.

ಪೊಟೆನ್ಶಿಯಲ್ ಅನ್ನು ವೋಲ್ಟಿನಲ್ಲಿ ಇಟ್ಟುಕೊಳ್ಳಬೇಡಿ. ಎಲೆಕ್ಟ್ರಾನ್ ಚಾರ್ಜಿನಿಂದ ಗುಣಿಸಿ ಉಷ್ಣಶಕ್ತಿಯಿಂದ ಭಾಗಿಸಿ, ಬರೀ ಸಂಖ್ಯೆ ಮಾಡಿಕೊಳ್ಳಿ. ಈ ಅಳತೆಯಲ್ಲಿ 1 ಅಂದರೆ ಸುಮಾರು 25.7 ಮಿಲಿವೋಲ್ಟ್. ಕೋಲಿನ ತ್ರಿಜ್ಯ 1 ನ್ಯಾನೋಮೀಟರ್ ಇಡಿ. ಚಾರ್ಜುಗಳನ್ನು ಬಿಡಿ ಬಿಡಿಯಾಗಿ ಇಡದೆ ಮೇಲ್ಮೈ ತುಂಬ ಸಮವಾಗಿ ಬಳಿದಿದ್ದೇವೆ ಅಂದುಕೊಳ್ಳಿ. ಆಗ ಉಳಿಯುವುದು ಅಕ್ಷದಿಂದ ಇರುವ ದೂರ ಒಂದೇ.

ಈಗ ಮುಖ್ಯವಾದ ಒಂದು ಕೆಲಸ. ದೂರವನ್ನು ಹಾಗೇ ಬಳಸಬೇಡಿ, ಅದನ್ನು ತ್ರಿಜ್ಯದಿಂದ ಭಾಗಿಸಿ ಸಹಜ ಲಾಗ್ ತೆಗೆದುಕೊಳ್ಳಿ. ನಾನು ಮೊದಲ ಸಲ ಮಾಡಿದಾಗ ಸಮಾನ ಅಂತರದ ಗ್ರಿಡ್ ಹಾಕಿದ್ದೆ, ಕಡಿಮೆ ಉಪ್ಪಿನಲ್ಲಿ ಸಾವಿರಾರು ಬಿಂದುಗಳು ಏನೂ ನಡೆಯದ ಹೊರಭಾಗದಲ್ಲಿ ವ್ಯರ್ಥವಾಗಿ ಕೂತಿದ್ದವು, ಎಲ್ಲವೂ ನಡೆಯುವ ಮೊದಲ ಅರ್ಧ ನ್ಯಾನೋಮೀಟರಿನಲ್ಲಿ ಬೆರಳೆಣಿಕೆಯಷ್ಟು ಬಿಂದುಗಳಿದ್ದವು, ಒಟ್ಟು ಚಾರ್ಜ್ ಯಾವತ್ತೂ ತಾಳೆ ಆಗಲಿಲ್ಲ. ಲಾಗ್ ತೆಗೆದುಕೊಂಡರೆ ಬಿಂದುಗಳು ತಾವಾಗಿಯೇ ಮೇಲ್ಮೈ ಹತ್ತಿರ ಒತ್ತಾಗಿ ಬರುತ್ತವೆ. ಸಮೀಕರಣವೂ ಚಂದ ಆಗುತ್ತದೆ: ಎಡಗಡೆ ಪೊಟೆನ್ಶಿಯಲ್‌ನ ಎರಡನೇ ಡೆರಿವೇಟಿವ್ ಒಂದೇ, ಬಲಗಡೆ ದೂರವನ್ನು ಡಿಬೈ ಉದ್ದದಿಂದ ಭಾಗಿಸಿದ ಸಂಖ್ಯೆಯ ವರ್ಗ ಗುಣಿಸು ಪೊಟೆನ್ಶಿಯಲ್‌ನ ಹೈಪರ್ಬೋಲಿಕ್ ಸೈನ್. ಸಾದಾ ಉಪ್ಪಿಗೆ ಇಷ್ಟೇ.

ಒಳಗಿನ ಗಡಿಯ ಷರತ್ತು ಇನ್ನೂ ಚಂದ. ಮೇಲ್ಮೈಯಲ್ಲಿ, ಲಾಗ್ ದೂರದ ಪ್ರಕಾರ ಪೊಟೆನ್ಶಿಯಲ್‌ನ ಇಳಿಜಾರು ಮ್ಯಾನಿಂಗ್ ಸಂಖ್ಯೆಯ ಎರಡು ಪಟ್ಟು, ಅಂದರೆ 8.4. ಚಿಹ್ನೆ ಧನ, ಯಾಕಂದರೆ ಕೋಲಿನ ಹತ್ತಿರ ಪೊಟೆನ್ಶಿಯಲ್ ಋಣವಾಗಿದ್ದು ಹೊರಗೆ ಹೋದಂತೆ ಸೊನ್ನೆಗೆ ಏರುತ್ತದೆ. ಈ ಚಿಹ್ನೆ ತಪ್ಪಿದರೆ ಕ್ಲೋರೈಡ್ ಬಂದು ಡಿಎನ್‌ಎಗೆ ಅಂಟುತ್ತದೆ. ಪ್ರೋಗ್ರಾಂ ಏನೂ ದೂರು ಹೇಳುವುದಿಲ್ಲ.

ಹೊರಗಿನ ಗಡಿಗೆ ಎರಡು ದಾರಿ. ಡಿಎನ್‌ಎ ಕಡಿಮೆ, ಉಪ್ಪು ಬೇಕಾದಷ್ಟು ಇದ್ದರೆ, ಮೇಲ್ಮೈಯಿಂದ 10 ಡಿಬೈ ಉದ್ದದ ಆಚೆ ಪೊಟೆನ್ಶಿಯಲ್ ಸೊನ್ನೆ ಅಂತ ಇಡಿ. ಡಿಎನ್‌ಎಯೇ ಒತ್ತಾಗಿ ತುಂಬಿದ್ದರೆ ಪ್ರತಿ ಕೋಲಿಗೂ ಅದರದೇ ಒಂದು ಕೊಳವೆ ಕೊಟ್ಟು, ಕೊಳವೆಯ ಅಂಚಿನಲ್ಲಿ ಇಳಿಜಾರು ಸೊನ್ನೆ ಅಂತ ಇಡಿ. ಫಾಸ್ಫೇಟ್ 1 ಮಿಲಿಮೋಲಾರ್ ಇದ್ದರೆ ಈ ಕೊಳವೆಯ ತ್ರಿಜ್ಯ ಸುಮಾರು 56 ನ್ಯಾನೋಮೀಟರ್. ಉಪ್ಪೇ ಇಲ್ಲದೆ ಬರೀ ಡಿಎನ್‌ಎಯದೇ ಸೋಡಿಯಂ ಇರುವಾಗ ಈ ಕೊಳವೆಯ ಸಮೀಕರಣಕ್ಕೆ ಕಾಗದದ ಮೇಲೇ ಪೂರ್ತಿ ಉತ್ತರ ಇದೆ, 1951ರಲ್ಲಿ ಫ್ಯೂಸ್, ಕಚಾಲ್ಸ್ಕಿ ಮತ್ತು ಲಿಫ್ಸನ್ ಬಿಡಿಸಿದ್ದು. ನಿಮ್ಮ ಪ್ರೋಗ್ರಾಂ ಸರಿಯಾ ಅಂತ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಬಿಡಿಸುವುದು

ಪೈಥಾನ್ ಬಳಸುವವರಿಗೆ ಸೈಪೈಯಲ್ಲಿ ಇಂಥ ಎರಡು ಗಡಿಯ ಸಮೀಕರಣ ಬಿಡಿಸುವ ತಯಾರಾದ ಫಂಕ್ಷನ್ ಇದೆ. ನೀವೇ ಬರೆಯುವುದಾದರೆ 500 ಬಿಂದುಗಳ ಗ್ರಿಡ್, ಒಂದು ಊಹೆಯನ್ನು ಸುತ್ತು ಸುತ್ತಾಗಿ ತಿದ್ದುತ್ತ ಹೋಗುವ ನ್ಯೂಟನ್ ವಿಧಾನ, ಮೂರು ಕರ್ಣಗಳ ಮ್ಯಾಟ್ರಿಕ್ಸ್, ಇಷ್ಟು ಸಾಕು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ.

ಆದರೆ ಆರಂಭದ ಊಹೆಯಲ್ಲಿ ಎಡವುವವರು ಬಹಳ. ಸಮೀಕರಣವನ್ನು ಸರಳ ಮಾಡಿ, ಹೈಪರ್ಬೋಲಿಕ್ ಸೈನ್ ಬದಲು ಪೊಟೆನ್ಶಿಯಲ್ಲನ್ನೇ ಇಟ್ಟರೆ ಸಿಗುವ ಡಿಬೈ-ಹ್ಯೂಕೆಲ್ ಉತ್ತರವನ್ನು ಊಹೆಯಾಗಿ ಕೊಡುವುದು ಎಲ್ಲರ ರೂಢಿ. 1 ಮಿಲಿಮೋಲಾರ್ ಉಪ್ಪಿನಲ್ಲಿ ಪೂರ್ತಿ 4.2 ಇಟ್ಟು ಹಾಗೆ ಮಾಡಿದರೆ ಮೇಲ್ಮೈ ಪೊಟೆನ್ಶಿಯಲ್ ಸುಮಾರು -20 ಬರುತ್ತದೆ. 20ರ ಹೈಪರ್ಬೋಲಿಕ್ ಸೈನ್ 24 ಕೋಟಿ ದಾಟುತ್ತದೆ, ನ್ಯೂಟನ್ ವಿಧಾನ ಅಲ್ಲೇ ದಾರಿ ತಪ್ಪುತ್ತದೆ. ಊಹೆ ಮಾಡುವಾಗ ಮಾತ್ರ ಮ್ಯಾನಿಂಗ್ ಸಂಖ್ಯೆ 1 ಅಂತ ಇಡಿ. ಅಲ್ಲಿಂದ 2, 3, 4.2 ಅಂತ ಮೆಟ್ಟಿಲು ಹತ್ತಿ, ಪ್ರತಿ ಸಲ ಹಿಂದಿನ ಉತ್ತರವನ್ನೇ ಮುಂದಿನದಕ್ಕೆ ಊಹೆಯಾಗಿ ಕೊಡಿ. ಒಂದು ಸುತ್ತಿನಲ್ಲಿ ಪೊಟೆನ್ಶಿಯಲ್ 1ಕ್ಕಿಂತ ಜಾಸ್ತಿ ಬದಲಾಗದ ಹಾಗೆ ಕಡಿವಾಣ ಹಾಕಿದರೆ ಇನ್ನೂ ಕ್ಷೇಮ.

ಈಗ ಬಂದ ಉತ್ತರ ನೋಡಿ. 100 ಮಿಲಿಮೋಲಾರ್‌ನಲ್ಲಿ ಮೇಲ್ಮೈ ಪೊಟೆನ್ಶಿಯಲ್ ಸುಮಾರು -3.9, ಅಂದರೆ -100 ಮಿಲಿವೋಲ್ಟ್ ಹತ್ತಿರ. ಅಲ್ಲಿ ಸೋಡಿಯಂ ಸಾಂದ್ರತೆ 4.7 ಮೋಲಾರ್ ಆಸುಪಾಸು, ಹೊರಗಿಗಿಂತ 47 ಪಟ್ಟು. ಈಗ ಹೊರಗಿನ ಉಪ್ಪನ್ನು 100 ಪಟ್ಟು ಇಳಿಸಿ, 1 ಮಿಲಿಮೋಲಾರ್ ಮಾಡಿ. ಮೇಲ್ಮೈಯಲ್ಲಿ ಸೋಡಿಯಂ ಎಷ್ಟು? ಇನ್ನೂ 4 ಮೋಲಾರ್ ಹತ್ತಿರವೇ! ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಫಲಿತಾಂಶ ಇದು. ಹೊರಗಿನ ಪ್ರಪಂಚ ಏನೇ ಆಗಲಿ, ಕೋಲಿನ ಮೈಗೆ ಅಂಟಿದ ಪದರ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಮ್ಯಾನಿಂಗ್ ಹೇಳಿದ್ದು ಇದನ್ನೇ, ನಿಮ್ಮ ಗ್ರಾಫಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಅಂದಹಾಗೆ, ಸರಳ ಮಾಡಿದ ಡಿಬೈ-ಹ್ಯೂಕೆಲ್ ಉತ್ತರವನ್ನೇ ಇಟ್ಟುಕೊಂಡರೆ ಏನಾಗುತ್ತದೆ ಅಂತ ಒಮ್ಮೆ ಮಾಡಿ ನೋಡಿ. 100 ಮಿಲಿಮೋಲಾರ್‌ನಲ್ಲಿ ಮೇಲ್ಮೈ ಪೊಟೆನ್ಶಿಯಲ್ -5.7 ಬರುತ್ತದೆ, ಕ್ಲೋರೈಡ್ ಸಾಂದ್ರತೆ -0.47 ಮೋಲಾರ್ ಬರುತ್ತದೆ. ಸೊನ್ನೆಗಿಂತ ಕಡಿಮೆ ಕ್ಲೋರೈಡ್ ಎಲ್ಲಿಯೂ ಇಲ್ಲ. ಡಿಎನ್‌ಎ ವಿಷಯದಲ್ಲಿ ಸರಳ ರೂಪ ನಡೆಯುವುದಿಲ್ಲ ಅನ್ನುವುದಕ್ಕೆ ಇಷ್ಟೇ ಸಾಕು. ಸಾಫ್ಟ್‌ವೇರ್ ಬಳಸುವಾಗಲೂ ಸರಳ ಸಮೀಕರಣ ಆರಿಸಿದ್ದೀರಾ, ಪೂರ್ತಿ ಸಮೀಕರಣ ಆರಿಸಿದ್ದೀರಾ ಅಂತ ಎರಡೆರಡು ಸಲ ನೋಡಿಕೊಳ್ಳಿ.

ಎಣಿಸುವುದು

ಗ್ರಾಫ್ ಚಂದ ಬಂತು ಅಂದರೆ ಕೆಲಸ ಮುಗಿಯಲಿಲ್ಲ. ಲ್ಯಾಬಿನಲ್ಲಿ ಅಳೆಯುವುದು ಗ್ರಾಫ್ ಅಲ್ಲ, ಎಣಿಕೆ. ಹಾಗಾಗಿ ನೀವೂ ಎಣಿಸಬೇಕು.

ಪ್ರತಿ ದೂರದಲ್ಲೂ ಸೋಡಿಯಂ ಹೊರಗಿಗಿಂತ ಎಷ್ಟು ಹೆಚ್ಚಿದೆ ಅಂತ ತೆಗೆದು, ಆ ದೂರದ ಸುತ್ತಳತೆಯಿಂದ ಗುಣಿಸಿ, ಮೇಲ್ಮೈಯಿಂದ ಹೊರಗಡಿಯವರೆಗೆ ಕೂಡಿಸಿ, 0.17ರಿಂದ ಗುಣಿಸಿ. ಒಂದು ಫಾಸ್ಫೇಟಿಗೆ ಎಷ್ಟು ಹೆಚ್ಚುವರಿ ಸೋಡಿಯಂ ಅಂತ ಸಿಗುತ್ತದೆ. ಹಾಗೆಯೇ ಕ್ಲೋರೈಡ್ ಎಷ್ಟು ಕಡಿಮೆ ಇದೆ ಅಂತ ಕೂಡಿಸಿ. ಘಟಕ ಬದಲಿಸಲು ಒಂದು ಸಂಖ್ಯೆ ನೆನಪಿಡಿ: 1 ಮೋಲಾರ್ ಅಂದರೆ ಒಂದು ಘನ ನ್ಯಾನೋಮೀಟರಿಗೆ 0.602 ಅಯಾನು. ಎರಡೂ ಎಣಿಕೆ ಕೂಡಿದರೆ ಸರಿಯಾಗಿ 1 ಬರಬೇಕು, ಯಾಕಂದರೆ ಒಂದು ಫಾಸ್ಫೇಟಿನ ಚಾರ್ಜ್ ಪೂರ್ತಿ ತೀರಬೇಕು. 0.97 ಬಂದರೆ ಹೊರಗಡಿ ತೀರಾ ಹತ್ತಿರ ಇದೆ, ಅಥವಾ ಗ್ರಿಡ್ ಸಾಲದು. ಈ ಪರೀಕ್ಷೆ ಪಾಸಾಗದೆ ಮುಂದೆ ಹೋಗಬೇಡಿ.

ಈಗ ಆ 76ರ ವಿಷಯ. ಉಪ್ಪು ತುಂಬಾ ಕಡಿಮೆ ಇರುವಾಗ ಸಿದ್ಧಾಂತ ಹೇಳುವ ಕ್ಲೋರೈಡ್ ಕೊರತೆ, ಒಂದನ್ನು ಮ್ಯಾನಿಂಗ್ ಸಂಖ್ಯೆಯ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಅಂದರೆ 0.06. ಉಳಿದ 0.94 ಸೋಡಿಯಂನದು. ಹಾಗಾದರೆ 76 ಎಲ್ಲಿ ಹೋಯಿತು? 76 ಅನ್ನುವುದು ಮೈಗೆ ಅಂಟಿ ಉಳಿಯುವ ಪಾಲು. 94 ಅನ್ನುವುದು ಅಂಟಿದ ಪದರ ಮತ್ತು ಅದರಾಚೆ ತೆಳುವಾಗಿ ಹರಡಿದ ಮೋಡ ಎರಡೂ ಸೇರಿದ ಎಣಿಕೆ. ಪ್ರಯೋಗದಲ್ಲಿ ಅಳೆಯುವುದು ಎರಡನೆಯದನ್ನು. ಈ ಎರಡನ್ನು ಕಲಸಿಕೊಂಡು, ನನ್ನ ಮಾಡೆಲ್ ಪ್ರಯೋಗಕ್ಕೆ ಹೊಂದುತ್ತಿಲ್ಲ ಅಂತ ವಾರಗಟ್ಟಲೆ ತಪ್ಪು ಹುಡುಕುವವರನ್ನು ಕಂಡಿದ್ದೇನೆ. ಹೋಲಿಕೆಗೆ ಹೇಳುವುದಾದರೆ, ಸರಳ ಡಿಬೈ-ಹ್ಯೂಕೆಲ್ ಇಲ್ಲಿ ಯಾವಾಗಲೂ 0.5 ಮತ್ತು 0.5 ಅನ್ನುತ್ತದೆ. ಪೂರ್ತಿ ತಪ್ಪು.

ಇನ್ನೊಂದು ಸೂಕ್ಷ್ಮ ಇದೆ. ಡಿಎನ್‌ಎ ಕೋಲು ತಾನೂ ಜಾಗ ಹಿಡಿಯುತ್ತದೆ, ಅಲ್ಲಿ ಸೋಡಿಯಂ ಕೂಡ ಇಲ್ಲ, ಕ್ಲೋರೈಡ್ ಕೂಡ ಇಲ್ಲ. ಪ್ರಯೋಗದವರು ಇಡೀ ದ್ರಾವಣದ ಗಾತ್ರಕ್ಕೆ ಹೋಲಿಸುವುದರಿಂದ ಆ ಖಾಲಿ ಜಾಗವೂ ಅವರ ಲೆಕ್ಕದಲ್ಲಿ ಸೇರಿರುತ್ತದೆ. ಒಂದು ಫಾಸ್ಫೇಟಿಗೆ ಈ ಗಾತ್ರ 0.53 ಘನ ನ್ಯಾನೋಮೀಟರ್. 100 ಮಿಲಿಮೋಲಾರ್‌ನಲ್ಲಿ ಸೋಡಿಯಂ ಹೆಚ್ಚುವರಿಯಿಂದ 0.03 ಕಳೆಯಬೇಕು, ಕ್ಲೋರೈಡ್ ಕೊರತೆಗೆ 0.03 ಸೇರಿಸಬೇಕು. 1 ಮೋಲಾರ್‌ನಲ್ಲಿ ಅದೇ 0.32 ಆಗುತ್ತದೆ, ಕಡೆಗಣಿಸುವ ಹಾಗಿಲ್ಲ.

ಮೆಗ್ನೀಸಿಯಂ ಸೇರಿಸಿದಾಗ

ಸಮೀಕರಣದಲ್ಲಿ ಬದಲಾವಣೆ ಚಿಕ್ಕದು. ಬಲಗಡೆ ಹೈಪರ್ಬೋಲಿಕ್ ಸೈನ್ ಬಿಟ್ಟು, ಪ್ರತಿ ಅಯಾನಿಗೂ ಬೇರೆ ಬೇರೆ ಬೋಲ್ಟ್ಸ್‌ಮನ್ ಪದ ಬರೆಯಿರಿ. ಮೆಗ್ನೀಸಿಯಂಗೆ ಘಾತದಲ್ಲಿ 2 ಬರುತ್ತದೆ. ಡಿಬೈ ಉದ್ದ ಲೆಕ್ಕ ಹಾಕುವಾಗ ಅಯಾನಿಕ್ ಬಲ (ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ಚಾರ್ಜಿನ ವರ್ಗದಿಂದ ಗುಣಿಸಿ, ಕೂಡಿಸಿ, ಅರ್ಧ ಮಾಡಿದ್ದು) ಬಳಸಿ, ಬರೀ ಸಾಂದ್ರತೆ ಅಲ್ಲ.

ಪರಿಣಾಮ ಮಾತ್ರ ದೊಡ್ಡದು. ಹೊರಗೆ 100 ಮಿಲಿಮೋಲಾರ್ ಸೋಡಿಯಂ, 1 ಮಿಲಿಮೋಲಾರ್ ಮೆಗ್ನೀಸಿಯಂ ಇದೆ ಅಂದುಕೊಳ್ಳಿ. ನೂರಕ್ಕೆ ಒಂದು. ಪೊಟೆನ್ಶಿಯಲ್ -3.5 ಇರುವ ಜಾಗದಲ್ಲಿ ಈ ಅನುಪಾತ ಇನ್ನೊಂದು 33 ಪಟ್ಟು ಏರಿ, ಮೂರಕ್ಕೆ ಒಂದು ಆಗುತ್ತದೆ. ಒಂದೊಂದಕ್ಕೂ ಎರಡು ಚಾರ್ಜ್ ಬೇರೆ.

ಈ ಸ್ಪರ್ಧೆಯಲ್ಲೇ ನಮ್ಮ ಸಮೀಕರಣ ಸೋಲಲು ಶುರು ಮಾಡುವುದು. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಹರ್ಷ್‌ಲ್ಯಾಗ್ ಮತ್ತು ಡೋನಿಯಾಕ್ ತಂಡ 24 ಬೇಸ್ ಜೋಡಿಯ ಡಿಎನ್‌ಎ ಸುತ್ತ ಅಯಾನುಗಳನ್ನು ನೇರವಾಗಿ ಎಣಿಸಿ ಪ್ರಕಟಿಸಿತು. ಸೋಡಿಯಂ ಮತ್ತು ಮೆಗ್ನೀಸಿಯಂ ಪೈಪೋಟಿಯಲ್ಲಿ ಲೆಕ್ಕ ಮತ್ತು ಅಳತೆ ನಡುವೆ ವ್ಯತ್ಯಾಸ ಕಂಡಿತು. ನಿಮ್ಮ ಪ್ರೋಗ್ರಾಂ ಪರೀಕ್ಷಿಸಲು ಇಂಥ ಎಣಿಕೆಯ ಪ್ರಯೋಗಗಳನ್ನೇ ಹುಡುಕಿ. ಆದರೆ 24 ಬೇಸ್ ಜೋಡಿ ಅಂದರೆ ಬರೀ 8 ನ್ಯಾನೋಮೀಟರ್ ಉದ್ದ. 100 ಮಿಲಿಮೋಲಾರ್‌ನಲ್ಲಿ ಅನಂತ ಕೋಲು ಅಂದುಕೊಂಡರೂ ಅಷ್ಟು ತೊಂದರೆ ಇಲ್ಲ. 1 ಮಿಲಿಮೋಲಾರ್‌ನಲ್ಲಿ ಡಿಬೈ ಉದ್ದವೇ ಕೋಲಿಗಿಂತ ಹೆಚ್ಚು, ಅಲ್ಲಿ ತುದಿಗಳನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಎಲ್ಲಿ ನಂಬಬಾರದು

ಪಾಯ್ಸನ್-ಬೋಲ್ಟ್ಸ್‌ಮನ್ ಅಯಾನುಗಳನ್ನು ಗಾತ್ರವಿಲ್ಲದ ಚುಕ್ಕಿಗಳು ಅಂದುಕೊಳ್ಳುತ್ತದೆ, ಪ್ರತಿಯೊಂದೂ ಉಳಿದವುಗಳ ಸರಾಸರಿಯನ್ನು ಮಾತ್ರ ನೋಡುತ್ತದೆ ಅಂದುಕೊಳ್ಳುತ್ತದೆ. ಎರಡೂ ಪೂರ್ತಿ ನಿಜ ಅಲ್ಲ.

ಗಾತ್ರ ನೋಡಿ. ನೀರು ಹೊದ್ದ ಸೋಡಿಯಂನ ತ್ರಿಜ್ಯ ಸುಮಾರು 0.36 ನ್ಯಾನೋಮೀಟರ್. 4.7 ಮೋಲಾರ್ ಅಂದರೆ ಅಂಥ ಉಂಡೆಗಳು ಜಾಗದ ಅರ್ಧಕ್ಕಿಂತ ಜಾಸ್ತಿ ತುಂಬಿವೆ ಅಂತ ಅರ್ಥ. ಹೊರಗಿನ ಮೋಡಕ್ಕೆ ಇದರಿಂದ ಅಷ್ಟು ಧಕ್ಕೆ ಇಲ್ಲ, ಮೇಲ್ಮೈಯ ಅಂಕಿಗೆ ಮಾತ್ರ ಇದೆ. ಸುಲಭದ ಪರಿಹಾರ, ಅಯಾನಿನ ತ್ರಿಜ್ಯದಷ್ಟು ದಪ್ಪದ ಪದರ ಬಿಟ್ಟು ಅಲ್ಲಿಂದ ಅಯಾನುಗಳನ್ನು ಶುರು ಮಾಡುವುದು.

ಸರಾಸರಿಯ ವಿಷಯ ಇನ್ನೂ ಗಂಭೀರ. ಅದನ್ನು ಅಳೆಯಲು ಒಂದು ಸಂಖ್ಯೆ ಇದೆ: ಅಯಾನಿನ ಚಾರ್ಜಿನ ಘನ, ಬ್ಯೆರುಮ್ ಉದ್ದದ ವರ್ಗ, ಮೇಲ್ಮೈಯ ಚಾರ್ಜ್ ಸಾಂದ್ರತೆ (ಡಿಎನ್‌ಎಗೆ ಒಂದು ಚದರ ನ್ಯಾನೋಮೀಟರಿಗೆ 0.94), ಇವನ್ನು ಗುಣಿಸಿ ಎರಡು ಪೈಯಿಂದ ಗುಣಿಸಿ. ಸೋಡಿಯಂಗೆ 3, ಮೆಗ್ನೀಸಿಯಂಗೆ 24, ಮೂರು ಚಾರ್ಜಿನ ಅಯಾನಿಗೆ 81. ಇದು ದೊಡ್ಡದಾದಷ್ಟೂ ಅಯಾನುಗಳು ಒಂದನ್ನೊಂದು ನೋಡಿಕೊಂಡು ಜಾಗ ಹಿಡಿಯುತ್ತವೆ. ಸ್ಪರ್ಮಿಡೀನ್ ಅಥವಾ ಕೋಬಾಲ್ಟ್ ಹೆಕ್ಸಮೀನ್ ತರಹದ ಮೂರು ಚಾರ್ಜಿನ ಅಯಾನು ಹಾಕಿದಾಗ ಡಿಎನ್‌ಎ ಕೋಲುಗಳು ಒಂದಕ್ಕೊಂದು ಅಂಟಿ ಉಂಡೆ ಆಗುತ್ತವಲ್ಲ, ಅದನ್ನು ಪಾಯ್ಸನ್-ಬೋಲ್ಟ್ಸ್‌ಮನ್ ಯಾವತ್ತೂ ತೋರಿಸುವುದಿಲ್ಲ. ಒಂದೇ ಚಾರ್ಜಿನ ಎರಡು ಕೋಲುಗಳು ಅದರ ಪ್ರಕಾರ ಯಾವಾಗಲೂ ತಳ್ಳಾಡಬೇಕು. ಅಂಥ ಕೆಲಸಕ್ಕೆ ಅಯಾನುಗಳನ್ನು ಒಂದೊಂದಾಗಿ ಉಂಡೆಗಳಂತೆ ಇಟ್ಟು, ನೀರನ್ನು ಬರೀ ಡೈಎಲೆಕ್ಟ್ರಿಕ್ ಮಾಡಿ, ಮಾಂಟೆ ಕಾರ್ಲೋ (ಅಯಾನುಗಳನ್ನು ಯಾದೃಚ್ಛಿಕವಾಗಿ ಸರಿಸಿ ನೋಡುವ ವಿಧಾನ) ನಡೆಸಿ. ಲ್ಯಾಂಪ್ಸ್ ಅಥವಾ ಎಸ್ಪ್ರೆಸ್ಸೊ ತರಹದ ಪ್ಯಾಕೇಜಿನಲ್ಲಿ ಇದೇ ಉಂಡೆಗಳನ್ನು ಮಾಲಿಕ್ಯುಲರ್ ಡೈನಮಿಕ್ಸ್ ಆಗಿಯೂ, ಅಂದರೆ ಬಲಗಳ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ಚಲಿಸುವ ಹಾಗೆ, ಓಡಿಸಬಹುದು. ದೂರದ ವಿದ್ಯುತ್ ಬಲವನ್ನು ಯಾವುದೋ ಒಂದು ದೂರದಲ್ಲಿ ಕತ್ತರಿಸಿಬಿಡಬೇಡಿ, ಅದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವ ಇವಾಲ್ಡ್ ಜಾತಿಯ ವಿಧಾನವನ್ನೇ ಬಳಸಿ.

ಸುರುಳಿಯ ಕಿರಿದಾದ ತೋಡಿನಲ್ಲಿ ಅಯಾನು ಎಲ್ಲಿ ಕೂರುತ್ತದೆ ಅನ್ನುವಂಥ ಪ್ರಶ್ನೆಗೆ ಮಾತ್ರ ಎಲ್ಲ ಪರಮಾಣುಗಳ ಸಿಮ್ಯುಲೇಶನ್ ಬೇಕು. ಅಲ್ಲಿ ಎರಡು ಎಚ್ಚರಿಕೆ. ಮೆಗ್ನೀಸಿಯಂ ತನ್ನ ಆರು ನೀರಿನ ಅಣುಗಳಲ್ಲಿ ಒಂದನ್ನು ಬದಲಿಸಲು ಮೈಕ್ರೋಸೆಕೆಂಡ್ ಲೆಕ್ಕದ ಸಮಯ ಬೇಕು, ಹಾಗಾಗಿ ನೂರು ನ್ಯಾನೋಸೆಕೆಂಡ್ ಓಡಿಸಿ ಅದು ಫಾಸ್ಫೇಟಿಗೆ ನೇರವಾಗಿ ಅಂಟುತ್ತದೋ ಇಲ್ಲವೋ ಅಂತ ತೀರ್ಮಾನ ಹೇಳಲಾಗುವುದಿಲ್ಲ. ಎರಡನೆಯದು, ಉಪ್ಪಿನ ಸಾಂದ್ರತೆ. 10 ನ್ಯಾನೋಮೀಟರ್ ಪೆಟ್ಟಿಗೆಯಲ್ಲಿ 100 ಮಿಲಿಮೋಲಾರ್ ಅಂದರೆ ಬರೀ 60 ಜೋಡಿ ಅಯಾನುಗಳು, ಅದರ ಜೊತೆಗೆ 24 ಬೇಸ್ ಜೋಡಿಯ ಡಿಎನ್‌ಎಯ ಚಾರ್ಜ್ ತೀರಿಸಲು ಇನ್ನೂ 46 ಸೋಡಿಯಂ (ಪ್ರತಿ ಎಳೆಯ ಒಂದು ತುದಿಯಲ್ಲಿ ಫಾಸ್ಫೇಟ್ ಇಲ್ಲ ಅಂದುಕೊಂಡರೆ 48 ಅಲ್ಲ, 46). ಹಾಕಿದ ಅಯಾನುಗಳನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿ ಅದೇ ಸಾಂದ್ರತೆ ಅಂತ ಬರೆಯಬೇಡಿ. ಸಿಮ್ಯುಲೇಶನ್ ಮುಗಿದ ಮೇಲೆ ಡಿಎನ್‌ಎಯಿಂದ ಅತಿ ದೂರದ ಜಾಗದಲ್ಲಿ ಸೋಡಿಯಂ ಎಷ್ಟು, ಕ್ಲೋರೈಡ್ ಎಷ್ಟು ಅಂತ ಅಳೆಯಿರಿ. ಅಲ್ಲಿ ಎರಡೂ ಸಮ ಇದ್ದರೆ ಆ ಅಂಕಿಯೇ ನಿಮ್ಮ ನಿಜವಾದ ಉಪ್ಪು, ಅದನ್ನೇ ಮೊದಲು ಬರೆದ ಸಿಲಿಂಡರ್ ಪ್ರೋಗ್ರಾಂಗೆ ಕೊಟ್ಟು ಎರಡೂ ಎಣಿಕೆ ಹೋಲಿಸಿ. ಸಮ ಇಲ್ಲದಿದ್ದರೆ ಪೆಟ್ಟಿಗೆ ಚಿಕ್ಕದಾಯಿತು, ದೊಡ್ಡದು ಮಾಡಿ ಮತ್ತೆ ಓಡಿಸಿ.